ಬೆಳಗಾವಿಯ ಕಡಲಬಾಗಿಲು ಮತ್ತು ತೆರೆ ದಾಟುವ ವಿದ್ಯೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಾಭಿಮುಖವಾಗಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಯ ದೀರ್ಘಪಥವನ್ನು ಹಿಡಿದರೆ, ಅದೇ ತಾಲೂಕಿನ ಭೀಮಗಡದ ಅರಣ್ಯದಲ್ಲಿ ಉದಿಸುವ ಮಹಾದಾಯಿಯು ಸಹ್ಯಾದ್ರಿಯ ಅಂಚಿನಿಂದ ಪಶ್ಚಿಮಕ್ಕೆ ಧುಮುಕಿ, ಗೋವೆಯಲ್ಲಿ ಮಾಂಡವಿಯೆಂಬ ನಾಮಾಂತರವನ್ನು ತಳೆದು, ಸುಮಾರು 50 ಮೈಲಿ ಹರಿಯುವಷ್ಟರಲ್ಲಿಯೇ ಪಣಜಿಯ ಬಳಿ ಅರಬ್ಬೀ ಸಮುದ್ರದಲ್ಲಿ ಲೀನವಾಗುತ್ತದೆ. ಒಂದೇ ಬೆಟ್ಟಸಾಲಿನ ಮೇಲೆ ಬಿದ್ದ ಮಳೆಯು ಹೀಗೆ ಎರಡು ಸಮುದ್ರಗಳಿಗೆ ಹಂಚಿಹೋಗುವ ಈ ಸೀಮೆಯನ್ನು ನಮ್ಮ ಇತಿಹಾಸಗ್ರಂಥಗಳು ಸಾಮಾನ್ಯವಾಗಿ ಒಳನಾಡೆಂದೇ ಪರಿಗಣಿಸಿ, ಕೋಟೆ, ಬಸದಿ, ದಂಡು, ಹತ್ತಿ, ಅಕ್ಕಿ ಇವುಗಳ ವಿವರಣೆಯಲ್ಲಿಯೇ ತೃಪ್ತವಾಗಿವೆ. ಬೆಳಗಾವಿಯು ಸಮುದ್ರಮಟ್ಟದಿಂದ 2500 ಅಡಿ ಎತ್ತರದಲ್ಲಿರುವುದೇನೋ ನಿಜ. ಆದರೆ ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ಪಡುಗಡಲು ಅಲ್ಲಿಂದ 60 ಮೈಲಿಯೊಳಗೇ ಇದೆ, ಮತ್ತು ಎಂಟುನೂರು ವರ್ಷಗಳಿಗೂ ಮಿಕ್ಕ ಕಾಲ ಈ ನಾಡಿನ ಐಶ್ವರ್ಯವೂ ಅಪಾಯವೂ ಆ ದಿಕ್ಕಿನಿಂದಲೇ ಘಟ್ಟವನ್ನೇರಿ ಬಂದಿವೆ.

ಆ ದಾರಿಯಲ್ಲಿ ಬಂದ ಅರಸರ ಹೆಸರುಗಳನ್ನು ಬಲ್ಲೆವು, ಘಟ್ಟಗಳ ಹೆಸರುಗಳನ್ನು ಬಲ್ಲೆವು, ರೇವುಗಳ ಹೆಸರುಗಳನ್ನೂ ಬಲ್ಲೆವು. ಆದರೆ ಕಡಲಿನಲ್ಲಿ ಲಂಗರು ಹಾಕಿದ ಹಡಗಿಗೂ ಮರಳಿನ ದಡಕ್ಕೂ ನಡುವೆ, ಅಲೆಗಳು ಒಡೆದು ನೊರೆಯಾಗಿ ಉರುಳುವ ಒಂದು ಕಿರಿದಾದ ಪಟ್ಟಿಯಿದೆ. ಸಾವಿರ ಮೈಲಿಯ ಸಮುದ್ರಯಾನವೂ ನೂರು ಮೈಲಿಯ ಘಟ್ಟದ ದಾರಿಯೂ ಸಂಧಿಸುವ ಸ್ಥಳ ಅದು. ಅದನ್ನು ದಾಟಿಸುತ್ತಿದ್ದವರ ಕೌಶಲ್ಯವನ್ನು ಕುರಿತು ನಮ್ಮಲ್ಲಿ ಬರೆದವರು ಬಹು ವಿರಳ. ಇತ್ತೀಚೆಗೆ ನಮ್ಮ ಕರಾವಳಿಯಲ್ಲಿ ಸರ್ಫಿಂಗ್ ಎಂಬ ಜಲಕ್ರೀಡೆ ನೆಲೆಯೂರಿ, ಒಂದು ಹಲಗೆಯನ್ನು ಒಡೆಯುವ ಅಲೆಗಳಾಚೆಗೆ ಒಯ್ಯುವುದು ಹೇಗೆಂಬುದನ್ನು ತರುಣರು ಶ್ರದ್ಧೆಯಿಂದ ಕಲಿಯುತ್ತಿರುವುದನ್ನು ಕಂಡಾಗ, ಈ ವಿದ್ಯೆಯ ಪೂರ್ವಚರಿತ್ರೆಯನ್ನು ನಮ್ಮ ನೆಲದಲ್ಲಿಯೇ ಅರಸಬೇಕೆಂಬ ಆಸೆ ಬಲವಾಯಿತು.

ಖಾನಾಪುರದ ಸಮೀಪದ ಹಲಸಿಯಿಂದಲೇ ಆರಂಭಿಸುವುದು ಯುಕ್ತ. ಶಾಸನಗಳಲ್ಲಿ ಪಲಾಶಿಕೆ, ಪಲಸಿಗೆ ಎಂದು ಕಾಣಿಸಿಕೊಳ್ಳುವ ಈ ಊರು ಬನವಾಸಿಯ ಆದಿಕದಂಬರ ಕಾಲಕ್ಕೇ ಪ್ರಸಿದ್ಧವಾಗಿದ್ದು, ಮೃಗೇಶವರ್ಮನು ಇಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿ ತಾಮ್ರಪಟಗಳಲ್ಲಿ ಉಕ್ತವಾಗಿದೆ. ಹತ್ತನೆಯ ಶತಮಾನದ ಅನಂತರ ತಲೆಯೆತ್ತಿದ ಗೋವೆಯ ಕದಂಬರು ಪಲಸಿಗೆ 12000 ಮತ್ತು ಕೊಂಕಣ 900 ಎಂಬ ಎರಡು ಪ್ರಾಂತಗಳನ್ನು ಒಟ್ಟಾಗಿ ಆಳಿದರು. ಅಂದರೆ ಘಟ್ಟದ ಮೇಲಿನ ಬತ್ತದ ಗದ್ದೆಯೂ ಘಟ್ಟದ ಕೆಳಗಿನ ಉಪ್ಪುನೀರೂ ಒಂದೇ ಸಿಂಹಾಸನದ ಅಧೀನದಲ್ಲಿದ್ದವು. ಹಲಸಿಯ ಭೂವರಾಹ ನರಸಿಂಹ ದೇವಾಲಯದಲ್ಲಿರುವ ಶಿವಚಿತ್ತ ಪೆರ್ಮಾಡಿಯ 1169ರ ಶಾಸನವನ್ನು ಓದುವವರು, ಆ ಅರಸನ ವಂಶವು ಪಶ್ಚಿಮಸಮುದ್ರಾಧೀಶ್ವರರೆಂಬ ಬಿರುದನ್ನು ಧರಿಸಿತ್ತೆಂಬುದನ್ನು ಮರೆಯಲಾಗದು. ಧಾರವಾಡದ ಹತ್ತಿರದ ನರೇಂದ್ರ ಗ್ರಾಮದ 1125ರ ಕನ್ನಡ ಶಾಸನವಂತೂ, ಕಡಲೇ ಕಾಣದ ಬಯಲಿನಲ್ಲಿ ನಿಂತು, ಗೋವೆಯ ಕದಂಬರ ಅರಸ ಚಟ್ಟಯದೇವನ ಹಡಗುಗಳ ಸಾಲು ಲಂಕೆಯವರೆಗೆ ಸೇತುವೆಯನ್ನೇ ಕಟ್ಟಿತೆಂದು ಕೀರ್ತಿಸುತ್ತದೆ. ಅದು ಕವಿಯ ಅತ್ಯುಕ್ತಿಯಾದರೂ ಆಗಲಿ. ಒಳನಾಡಿನ ಶಾಸನಕವಿಗೆ ಹಡಗಿನ ಸಾಲು ಸಹಜವಾದ ವರ್ಣನಾವಸ್ತುವಾಗಿತ್ತೆಂಬುದೇ ನನಗೆ ಇಲ್ಲಿ ಮುಖ್ಯವಾಗಿ ತೋರುತ್ತದೆ.

ಅತ್ಯುಕ್ತಿಗಿಂತ ಹೆಚ್ಚು ಬೆಲೆಯುಳ್ಳದ್ದು ಅದೇ ವಂಶದ ಒಂದು ವಿಪತ್ತಿನ ವೃತ್ತಾಂತ. ಗುಹಲ್ಲದೇವನು ಸೋಮನಾಥನ ದರ್ಶನಕ್ಕೆಂದು ನೌಕೆಯಲ್ಲಿ ಹೊರಟಾಗ ಹಡಗಿನ ಕೂವೆಮರವು ಮುರಿದು, ಗೋವೆಯ ರೇವನ್ನು ಆಶ್ರಯಿಸಬೇಕಾಯಿತೆಂದೂ, ಅಲ್ಲಿ ಅರಬ ಮೂಲದ ಮದುಮದನೆಂಬ ಶ್ರೀಮಂತ ವರ್ತಕನು ಅವನಿಗೆ ನೆರವಾದನೆಂದೂ, ಆ ವರ್ತಕನ ಮೊಮ್ಮಗನಿಗೆ ಒಂದನೆಯ ಜಯಕೇಶಿಯು ಅಧಿಕಾರವನ್ನಿತ್ತನೆಂದೂ ಹನ್ನೊಂದನೆಯ ಶತಮಾನದ ತಾಮ್ರಶಾಸನಗಳಿಂದ ತಿಳಿದುಬರುತ್ತದೆ. ಕಡಲು ಅರಸನನ್ನೂ ಅಂಬಿಗನನ್ನೂ ಒಂದೇ ಸಮನಾಗಿ ಕಾಣುತ್ತದೆಂಬುದನ್ನು ಕಂಡವನು ಅಂಬಿಗರಿಗೆ ಮರ್ಯಾದೆ ಕೊಡದೆ ಇರಲಾರ. ಆದರೆ ಆ ಹಡಗನ್ನು ದಡ ಮುಟ್ಟಿಸಿದ ಹುಟ್ಟುಗಾರರ ಹೆಸರು ಶಾಸನಕ್ಕೆ ಏರಲಿಲ್ಲ.

ಬೆಳಗಾವಿಯ ವಿಷಯಕ್ಕೆ ಬಂದರೆ, ಸವದತ್ತಿಯ ರಟ್ಟರು ವೇಣುಗ್ರಾಮವನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡ ಕಾಲದಲ್ಲಿ, ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಕೋಟೆಯೊಳಗೆ ಬಸದಿಯನ್ನು ಕಟ್ಟಿಸಿದ 1204ರ ಸಂದರ್ಭದ ಶಾಸನದಲ್ಲಿ, ಊರಿನ ವರ್ತಕಸಂಘದೊಡನೆ ಲಾಳ ದೇಶದ ಮತ್ತು ಮಲೆಯಾಳದ ವ್ಯಾಪಾರಿಗಳೂ ಕಾಣಿಸಿಕೊಳ್ಳುತ್ತಾರೆ. ಗುಜರಾತಿನ ದಕ್ಷಿಣಭಾಗವೂ ಕೇರಳವೂ ಬೆಳಗಾವಿಯ ಪೇಟೆಯಲ್ಲಿ ಸಂಧಿಸಿದ್ದು ಪಡುಗಡಲ ಬಲದಿಂದಲ್ಲದೆ ಮತ್ತಾವುದರಿಂದ? ಮುಂದೆ ವಿಜಯನಗರ ಮತ್ತು ಬಹಮನಿಯ ಕಲಹದಲ್ಲಿ ಬೆಳಗಾವಿಯ ಅಧಿಪತಿಯು ಗೋವೆಯ ರೇವನ್ನು ಮರಳಿ ಪಡೆಯಲು ಯತ್ನಿಸಿದ್ದೂ, ಅದಕ್ಕೆ ಪ್ರತೀಕಾರವಾಗಿ 1470ರ ದಶಕದ ಆರಂಭದಲ್ಲಿ ಬಹಮನಿಯ ಮಂತ್ರಿ ಮಹಮೂದ್ ಗವಾನನ ಸೈನ್ಯವು ಬೆಳಗಾವಿಯ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡದ್ದೂ ಇದೇ ಸಂಬಂಧದ ಇನ್ನೊಂದು ಮುಖ. ರೇವಿಗಾಗಿ ಒಳನಾಡಿನ ಕೋಟೆ ಬಲಿಯಾಯಿತು.

ಗೋವೆಯ ರೇವು ಎಂದೆ. ಆ ರೇವಿನ ಬಾಗಿಲಿಗೂ ಖಾನಾಪುರದ ಮಳೆಗೂ ಇರುವ ನಂಟನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಾಂಡವಿಯು ಕಡಲು ಸೇರುವ ಅಳಿವೆಯಲ್ಲಿ, ಆಗ್ವಾದ ಕೋಟೆಯ ಕೆಳಗೆ, ಒಂದು ಮರಳಿನ ದಿಬ್ಬವಿದೆ. ಮಳೆಗಾಲದಲ್ಲಿ ಭೀಮಗಡದ ಕಾಡಿನಿಂದ ಕೆಂಪಾಗಿ ಇಳಿದುಬರುವ ಪ್ರವಾಹವು ಹೊರಗೆ ತಳ್ಳುವುದು, ನೈಋತ್ಯ ಮಾರುತದ ಮಹಾತರಂಗಗಳು ಮರಳನ್ನು ಒಳಗೆ ತಳ್ಳುವುವು. ಈ ಎರಡರ ಘರ್ಷಣೆಯಲ್ಲಿ ದಿಬ್ಬವು ಬೆಳೆದು, ಅದರ ಮೇಲೆ ಅಲೆಗಳು ಸಾಲುಸಾಲಾಗಿ ಒಡೆಯತೊಡಗಿದರೆ ಅಳಿವೆಯು ನೌಕೆಗಳಿಗೆ ಮುಚ್ಚಿಹೋಗುತ್ತದೆ. ಪೋರ್ಚುಗೀಸರ ಕಾಲದಲ್ಲಿ ಮಳೆಗಾಲದ ಮೂರು ತಿಂಗಳು ಈ ಬಾಗಿಲಿಗೆ ಬೀಗ ಬಿದ್ದಂತೆಯೇ ಇತ್ತು. 1636ರಿಂದ ಕೆಲವು ವರ್ಷ ಡಚ್ಚರು ಗೋವೆಯ ಅಳಿವೆಯನ್ನು ತಮ್ಮ ಹಡಗುಗಳಿಂದ ದಿಗ್ಬಂಧಿಸಿದಾಗಲೂ ಅವರ ದಿಗ್ಬಂಧನ ಮಾರುತಕ್ಕೆ ಮುಂಚೆ ಸಡಿಲುತ್ತಿತ್ತು. ಏಕೆಂದರೆ ಆ ಋತುವಿನಲ್ಲಿ ಕಾವಲಿನ ಕೆಲಸವನ್ನು ಅಲೆಗಳೇ ಮಾಡುತ್ತಿದ್ದವು.

ಅದೇ ಡಚ್ಚರು 1637ರಲ್ಲಿ ಬಿಜಾಪುರದ ಸುಲ್ತಾನನ ಅನುಮತಿಯಿಂದ ಗೋವೆಗೆ ಉತ್ತರದ ವೆಂಗುರ್ಲೆಯಲ್ಲಿ ಕೋಠಿಯನ್ನು ಸ್ಥಾಪಿಸಿದರು. ಬೆಳಗಾವಿಗೆ ವೆಂಗುರ್ಲೆಯೇ ಬಹುಕಾಲ ನಿಜವಾದ ಕಡಲಬಾಗಿಲಾಗಿ ಉಳಿಯಿತು. 1812ರಲ್ಲಿ ಸಾವಂತವಾಡಿಯಿಂದ ಆ ರೇವು ಇಂಗ್ಲಿಷರ ಕೈಗೆ ಬಂದು, 1818ರಲ್ಲಿ ಅವರ ಸೇನಾನಿ ಮನ್ರೋ ಬೆಳಗಾವಿಯ ಕೋಟೆಯನ್ನು ಹಿಡಿದು, ಅಲ್ಲಿ ದಂಡು ನೆಲೆಯೂರಿದ ಮೇಲಂತೂ, ಸೈನಿಕರೂ ಮದ್ದುಗುಂಡುಗಳೂ ಅಧಿಕಾರಿಗಳ ಕುಟುಂಬಗಳೂ ಅವರ ಗಾಜಿನ ಸಾಮಾನುಗಳೂ ವೆಂಗುರ್ಲೆಯಲ್ಲಿಳಿದು ಘಟ್ಟವೇರುವುದು ವಾಡಿಕೆಯಾಯಿತು. ಮೊದಲು ರಾಮಘಟ್ಟದ ಕಡಿದಾದ ದಾರಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಂಬೋಲಿಯ ಮೂಲಕ ಗಾಡಿಗಳೇರಬಲ್ಲ ಹೊಸ ರಸ್ತೆ. ಕೆಳಗೆ ಇಳಿಯುತ್ತಿದ್ದುದು ಹತ್ತಿ, ಬೆಲ್ಲ, ಧಾನ್ಯ. ಮೇಲೆ ಬರುತ್ತಿದ್ದುದು ಉಪ್ಪು, ತೆಂಗು, ಖರ್ಜೂರ, ಒಣಮೀನು. ಹೇರೆತ್ತುಗಳ ಸಾಲು ಘಟ್ಟವನ್ನು ದಾಟಿದ ಚಿತ್ರವನ್ನು ನಮ್ಮ ಹಿರಿಯರು ವರ್ಣಿಸಿದ್ದಾರೆ. ಎತ್ತಿನ ಬೆನ್ನಿಗೆ ಬರುವ ಮುನ್ನ ಪ್ರತಿಯೊಂದು ಹೇರೂ ಮಚವೆಯಲ್ಲೋ ಪಡಾವಿನಲ್ಲೋ ಹಡಗಿನಿಂದ ದಡಕ್ಕೆ ಬಂದಿತ್ತೆಂಬುದನ್ನು ಮಾತ್ರ ಯಾರೂ ಒತ್ತಿ ಹೇಳಿದಂತಿಲ್ಲ. ವೆಂಗುರ್ಲೆಯ ಕೊಲ್ಲಿಗೆ ಕಿರುನೌಕೆಗಳಷ್ಟೇ ಬರಬಲ್ಲವು. ಮುಂಬಯಿಯಿಂದ ಬರುತ್ತಿದ್ದ ಆವಿನೌಕೆಗಳು ದೂರದಲ್ಲಿಯೇ ನಿಲ್ಲುತ್ತಿದ್ದವು, ಮಳೆಗಾಲ ಹತ್ತಿರ ಬಂದಿತೆಂದರೆ ಬರುವುದನ್ನೇ ನಿಲ್ಲಿಸುತ್ತಿದ್ದವು.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸುವುದು ಅವಶ್ಯ. ನಮ್ಮ ಪಡುವಣ ಕರಾವಳಿಯ ಕಡಲು ವರ್ಷವಿಡೀ ಉಗ್ರವಲ್ಲ. ಕಾರ್ತಿಕದಿಂದ ಫಾಲ್ಗುನದವರೆಗೆ ಅದು ಬಹುಮಟ್ಟಿಗೆ ಸೌಮ್ಯವಾಗಿರುತ್ತದೆ, ಮತ್ತು ವರ್ತಕನು ತನ್ನ ಸರಕಿಗೆ ಆ ಕಾಲವನ್ನೇ ಆರಿಸಿಕೊಳ್ಳುತ್ತಿದ್ದನು. ಮದರಾಸಿನ ಸ್ಥಿತಿ ಬೇರೆ. ಅಲ್ಲಿ ಕೃತಕ ಬಂದರು ಸಿದ್ಧವಾಗುವವರೆಗೂ ಎಲ್ಲ ಕಾಲದಲ್ಲಿಯೂ ಒಡೆಯುವ ತೆರೆಗಳನ್ನು ದಾಟಲು, ಮೊಳೆಯಿಲ್ಲದೆ ನಾರಿನ ಹುರಿಯಿಂದ ಹೊಲಿದ ಮಸೂಲಾ ದೋಣಿಗಳು ಬೇಕಾಗಿದ್ದವು, ಅವುಗಳ ವರ್ಣನೆಯನ್ನು ಮಾಡದ ಯುರೋಪಿನ ಪ್ರವಾಸಿಗನೇ ಅಪೂರ್ವ. ನಮ್ಮ ಪಡುಗಡಲ ತೆರೆಗಳಿಗೆ ಅಂತಹ ಪ್ರವಾಸಿ ಸಾಕ್ಷಿಗಳು ಕಡಿಮೆಯಾದುದಕ್ಕೆ ಇದೇ ಕಾರಣ. ಪ್ರವಾಸಿಗರು ಸೌಮ್ಯ ಋತುವಿನಲ್ಲಿ ಬಂದರು. ಉಗ್ರ ಋತುವಿನಲ್ಲಿ ತೆರೆ ದಾಟಿದವರು ಬರೆಯುವ ಅಭ್ಯಾಸವಿದ್ದವರಲ್ಲ.

ಹಾಗೆ ದಾಟಿದವರು ಮೀನುಗಾರರು. ವರ್ತಕನಿಗೆ ಕಾಯುವ ಅನುಕೂಲವುಂಟು. ಮೀನಿಗೆ ಕಾಯುವ ಗುಣವಿಲ್ಲ. ಶ್ರಾವಣದ ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನು ಅರ್ಪಿಸಿ ದೋಣಿಯನ್ನಿಳಿಸುವ ಹೊತ್ತಿಗೆ ಮಾರುತದ ಭರವು ಇನ್ನೂ ಪೂರ್ಣ ಇಳಿದಿರುವುದಿಲ್ಲ. ಆದರೆ ಬಂಗುಡೆಯೂ ತಾರ್ಲೆಯೂ ಹಿಂಡುಹಿಂಡಾಗಿ ದಡದ ಸಮೀಪಕ್ಕೆ ಬರಲು ತೊಡಗುವುದು ಮಳೆಗಾಲ ಹಿಂದೆಗೆಯುವ ಈ ಸಂಧಿಕಾಲದಲ್ಲಿಯೇ. ಆದುದರಿಂದ ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ, ಮೊಗವೀರ ಜನಾಂಗಗಳವರಿಗೆ ತೆರೆ ದಾಟುವುದು ಹೊಟ್ಟೆಪಾಡಿನ ಪ್ರಥಮ ಪಾಠವಾಗಿತ್ತು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ನಿಷೇಧದಿಂದಾಗಿ ಬಂದರಿನಲ್ಲಿ ನಿಂತಿರುವಾಗ, ತೆರೆ ಅನುಮತಿಸಿದ ದಿನ ನಾಡದೋಣಿಗಳು ಕಡಲಿಗಿಳಿಯುತ್ತವೆ. ಬೆಳಗಾವಿಯ ಮೀನುಪೇಟೆಗೆ ಕಾರವಾರ, ಗೋವೆ, ಮಾಲ್ವಣದ ಕಡೆಯಿಂದ ಬರುವ ಬಂಗುಡೆಯನ್ನು ಚೌಕಾಸಿ ಮಾಡಿ ಕೊಳ್ಳುವ ನಾವು ಈ ಸಂಗತಿಯನ್ನು ಅರಿತಿರುವುದು ಒಳ್ಳೆಯದು.

ಅಲೆಯು ಒಡೆಯುವುದೇಕೆ? ಆಳವಾದ ನೀರಿನಲ್ಲಿ ಅಲೆಯು ಮುಂದೆ ಸಾಗುವುದಾದರೂ ನೀರು ಮುಂದೆ ಸಾಗುವುದಿಲ್ಲ. ಪ್ರತಿಯೊಂದು ಜಲಕಣವೂ ತಾನಿದ್ದಲ್ಲಿಯೇ ವೃತ್ತಾಕಾರವಾಗಿ ಸುತ್ತುತ್ತದೆ, ಮತ್ತು ಕೆಳಕೆಳಗೆ ಹೋದಂತೆ ಈ ಸುತ್ತು ಕಿರಿದಾಗುತ್ತ ಹೋಗುತ್ತದೆ. ದಡದ ಬಳಿ ನೆಲವು ಮೇಲೆದ್ದು ಬಂದಾಗ ಅಲೆಯ ಪಾದವು ತಡೆದು, ಶಿರವು ಮುಂದೆ ಓಡಿ, ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದೊಡನೆ ಅದು ಮಗುಚಿ ಬೀಳುತ್ತದೆ. ನಾಲ್ಕಡಿಯ ಅಲೆ ಐದಡಿ ನೀರಿನಲ್ಲಿ ಒಡೆಯುವುದು. ಅಲ್ಲಿಯವರೆಗೆ ಕೇವಲ ಏರಿಳಿತವಾಗಿದ್ದುದು ಈ ಕ್ಷಣದಿಂದ ನಿಜವಾದ ಪ್ರವಾಹವಾಗಿ, ತನ್ನ ದಾರಿಯಲ್ಲಿದ್ದುದನ್ನೆಲ್ಲ ದಡದತ್ತ ನೂಕುತ್ತದೆ. ಅಲ್ಲದೆ ಅಲೆಗಳು ಒಂದೇ ಪ್ರಮಾಣದಲ್ಲಿ ಬರುವುವಲ್ಲ. ದೂರದ ಬಿರುಗಾಳಿಗಳಿಂದ ಹುಟ್ಟಿದ ಹಲವು ತರಂಗಮಾಲೆಗಳು ಒಂದರೊಡನೊಂದು ಬೆರೆತು ಬರುವುದರಿಂದ, ಕೆಲವು ದೊಡ್ಡ ಅಲೆಗಳು ಗುಂಪಾಗಿ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಸಣ್ಣ ಅಲೆಗಳ ವಿರಾಮ ದೊರೆಯುತ್ತದೆ. ತೆರೆ ದಾಟುವವನ ಅದೃಷ್ಟವೆಲ್ಲ ಈ ವಿರಾಮದಲ್ಲಿದೆ.

ಕಾರವಾರದ ಉತ್ತರಕ್ಕೆ, ಗೋವೆಯ ಗಡಿಗೆ ಹತ್ತಿರವಾದ ಮಾಜಾಳಿಯ ದಡದಲ್ಲಿ, ಭಾದ್ರಪದದ ಒಂದು ಬೆಳಗ್ಗೆ, ದಡದಿಂದ ಎಳೆಯುವ ಏಂಡಿಬಲೆಯ ದೋಣಿಯೊಂದು ಹೊರಡುವುದನ್ನು ನಾನು ನಿಂತು ನೋಡಿದ್ದೇನೆ. ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ತಂದ ದೋಣಿಯ ಮೂತಿಯನ್ನು ಕಡಲಿಗೆ ನೇರವಾಗಿ ಹಿಡಿದು, ಎರಡೂ ಪಕ್ಕಗಳಲ್ಲಿ ಆಳುಗಳು ಸೊಂಟದವರೆಗಿನ ನೀರಿನಲ್ಲಿ ನಿಂತರು. ಹಿಂಗಡೆಯಲ್ಲಿ ಉದ್ದವಾದ ಹುಟ್ಟನ್ನು ಹಿಡಿದು ನಿಂತ ದೋಣಿಯ ನಾಯಕ, ತಾಂಡೇಲನು, ಎದುರಿಗೆ ಒಡೆಯುತ್ತಿದ್ದ ನೊರೆಯನ್ನು ನೋಡಲೇ ಇಲ್ಲ. ಅವನ ದೃಷ್ಟಿಯು ಅದರಾಚೆಗೆ, ನೀರು ಇನ್ನೂ ನೀಲವಾಗಿ ಉಬ್ಬುತ್ತಿದ್ದ ಎಡೆಯಲ್ಲಿ ನೆಟ್ಟಿತ್ತು. ನೊರೆ ಬಂದು ಬಡಿದಾಗಲೆಲ್ಲ ದೋಣಿಯು ಏರಿ ಕುಸಿಯುತ್ತಿತ್ತು, ಆಳುಗಳು ಅದರ ಅಂಚಿಗೆ ತೂಗಿಬಿದ್ದು ಅದು ಅಡ್ಡವಾಗದಂತೆ ತಡೆಯುತ್ತಿದ್ದರು. ಯಾರೂ ಮಾತನಾಡಲಿಲ್ಲ. ಒಕ್ಕಲಿಗನು ಕೂರಿಗೆ ಹೂಡುವ ಮುನ್ನ ಹದವನ್ನು ಕಾಯುವಂತೆ ಅವರು ಕಾದರು. ಮೂರು ದೊಡ್ಡ ತೆರೆಗಳು ಒಂದರ ಹಿಂದೊಂದು ಉರುಳಿ ಹೋದೊಡನೆ ತಾಂಡೇಲನು ಒಂದು ಕೂಗು ಕೂಗಿದನು. ದೋಣಿ ಓಡಿತು, ನೀರು ಎದೆಮಟ್ಟಕ್ಕೆ ಬಂದಾಗ ಆಳುಗಳು ಒಬ್ಬೊಬ್ಬರಾಗಿ ಅಂಚನ್ನೇರಿ ಒಳಗೆ ಬಿದ್ದು, ಬಿದ್ದ ಭಂಗಿಯಲ್ಲಿಯೇ ಹುಟ್ಟನ್ನು ಹಿಡಿದರು. ಮುಂದಿನ ತೆರೆ ಒಡೆಯುವ ಮುನ್ನ ಅದರ ಇಳಿಜಾರನ್ನೇರಬೇಕು, ಒಡೆದ ಮೇಲಾದರೆ ವೇಗವನ್ನು ಬಿಡದೆ ಅದನ್ನು ಸೀಳಬೇಕು. ನಡುವಿನಲ್ಲಿ ಅಳುಕಿದರೆ ಕೆಟ್ಟಿತು. ಮೂತಿಯು ಆಕಾಶಕ್ಕೆ ನೆಗೆದು, ಒಂದು ಕ್ಷಣ ನಿಂತು, ದಪ್ಪನೆ ಆಚೆಗೆ ಬಿದ್ದಿತು. ಒಬ್ಬನು ಕತ್ತರಿಸಿದ ಡಬ್ಬಿಯಿಂದ ನೀರನ್ನು ಮೊಗೆದು ಚೆಲ್ಲತೊಡಗಿದನು. ಇನ್ನೊಂದು ತೆರೆ, ಮತ್ತೊಂದು. ಆಮೇಲೆ ದೋಣಿಯು ಕೇವಲ ತೂಗುತ್ತಿತ್ತು, ಬಲೆಯು ಅದರ ಪಕ್ಕದಿಂದ ಸುರುಳಿ ಬಿಚ್ಚಿಕೊಂಡು ನೀರಿಗಿಳಿಯುತ್ತಿತ್ತು.

ಇದು ಕಿರುದೋಣಿಯ ಮಾತು. ಹಿಂದಿನ ರಂಪಣಿಯೆಂಬ ದೊಡ್ಡ ಎಳೆಬಲೆಯ ದೋಣಿಯನ್ನು ಹೀಗೆ ದಾಟಿಸುವುದು ಎಷ್ಟು ಮಟ್ಟಿನ ಸಾಹಸವಾಗಿದ್ದಿರಬೇಕೆಂಬುದನ್ನು ಇದರಿಂದ ಊಹಿಸಬಹುದು. ಸುಮಾರು 40 ಅಡಿ ಉದ್ದದ ಆ ದೋಣಿಯು ಸಾವಿರ ಗಜಕ್ಕೂ ಮಿಕ್ಕ ಬಲೆಯ ರಾಶಿಯನ್ನು ಹೊತ್ತು ಹೊರಡಬೇಕು, ಅರ್ಧಚಂದ್ರಾಕಾರವಾಗಿ ಬಲೆಯನ್ನು ಬಿಡುತ್ತ ಮತ್ತೆ ದಡಕ್ಕೆ ಬರಬೇಕು. ಅನಂತರ ಎರಡು ತುದಿಗಳನ್ನು ಹಿಡಿದು ಅರುವತ್ತು ಎಂಬತ್ತು ಜನ ಎಳೆಯಬೇಕು. ಅದರ ತಳವು ಚಪ್ಪಟೆ, ಹಲಗೆಗಳು ತೆಂಗಿನ ನಾರಿನ ಹುರಿಯಿಂದ ಹೊಲಿದವು. ಮೊಳೆ ಬಡಿದ ಬಿಗಿಯಾದ ಒಡಲು ಮರಳಿನ ಮೇಲೆ ಅಪ್ಪಳಿಸಿದರೆ ಬಿರಿಯುವುದು, ಹೊಲಿದ ಒಡಲಾದರೆ ಪೆಟ್ಟಿಗೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುವುದು. ಮದರಾಸಿನ ಮಸೂಲಾ ದೋಣಿಯವರು ಕಂಡುಕೊಂಡಿದ್ದ ಉಪಾಯವನ್ನೇ ನಮ್ಮ ಪಡುವಣದವರೂ ಬಲ್ಲವರಾಗಿದ್ದರು. ಕಾರವಾರ, ಮಾಲ್ವಣ, ಗೋವೆಗಳಲ್ಲಿ ಕಿರುದೋಣಿಗಳ ಒಂದು ಪಕ್ಕಕ್ಕೆ ಎರಡು ಕೋಲುಗಳ ತುದಿಯಲ್ಲಿ ಕಟ್ಟುವ ತೇಲುಮರ, ಉಲಾಂಡಿ, ಅಡ್ಡತೆರೆಗೆ ದೋಣಿಯು ಮಗುಚದಂತೆ ಕಾಯುವ ಇನ್ನೊಂದು ಯುಕ್ತಿ. ಈ ಶಿಲ್ಪಕ್ಕೆ ನಮ್ಮ ದೇವಾಲಯಶಿಲ್ಪಕ್ಕೆ ಸಲ್ಲುವ ಗೌರವದ ಶತಾಂಶವಾದರೂ ಸಲ್ಲಬೇಕೆಂದು ನನ್ನ ದೃಢವಾದ ಅಭಿಪ್ರಾಯ.

ಬೆಳಗಾವಿಯ ಮಟ್ಟಿಗೆ ತೆರೆ ದಾಟಿಸುವವರ ಮೇಲಿನ ಅವಲಂಬನವು ಒಂದೇ ದಶಕದಲ್ಲಿ ಮುಗಿಯಿತು. ಇಂಗ್ಲೆಂಡು ಮತ್ತು ಪೋರ್ಚುಗಲ್ ದೇಶಗಳ ನಡುವೆ 1878ರಲ್ಲಿ ಆದ ಒಪ್ಪಂದದ ಫಲವಾಗಿ ಮುರಗಾವಿನಲ್ಲಿ ಕಲ್ಲಿನ ತಡೆಗೋಡೆಯುಳ್ಳ ಬಂದರೂ, ಅಲ್ಲಿಂದ ಘಟ್ಟವನ್ನೇರಿ ಕ್ಯಾಸಲ್‌ರಾಕಿಗೆ ಬರುವ ರೈಲುದಾರಿಯೂ ನಿರ್ಮಾಣವಾದುವು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು ಬೆಳಗಾವಿ, ಖಾನಾಪುರ, ಲೋಂಡಾಗಳ ಮೂಲಕ ಅದಕ್ಕೆ ಜೋಡಣೆಯನ್ನು ಕೊಟ್ಟಿತು. 1880ರ ದಶಕದ ಅಂತ್ಯದ ವೇಳೆಗೆ ಬೆಳಗಾವಿಯ ಹತ್ತಿಯು ಗಾಡಿಯಿಂದಿಳಿಯದೆಯೇ ಹಡಗಿನ ಪಕ್ಕಕ್ಕೆ ಹೋಗಬಲ್ಲುದಾಯಿತು. ತಡೆಗೋಡೆಯ ಒಳಗೆ ಅಲೆಯು ಒಡೆಯುವುದಿಲ್ಲ. ಅಲ್ಲಿ ಕಾಯುವ ತಾಂಡೇಲನ ಅಗತ್ಯವಿಲ್ಲ. ಆಂಬೋಲಿಯ ರಸ್ತೆ ಬರಿದಾಯಿತು, ವೆಂಗುರ್ಲೆಯ ವ್ಯಾಪಾರ ಕುಗ್ಗಿತು, ಖಾನಾಪುರದ ಕಾಡಿನ ನಡುವಣ ಲೋಂಡಾ ಜಂಕ್ಷನ್ ಆಯಿತು. ಈ ಬದಲಾವಣೆಯಿಂದ ನಾಡಿಗೆ ಲಾಭವೇ ಆಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಘಟ್ಟದ ಮೇಲಿನ ವರ್ತಕನಿಗೂ ತೆರೆಯ ಅಂಬಿಗನಿಗೂ ಇದ್ದ ಪರಿಚಯ ಅಲ್ಲಿಗೆ ಕಡಿದುಹೋಯಿತು. ಒಬ್ಬನ ಹೆಸರನ್ನು ಇನ್ನೊಬ್ಬನು ತಿಳಿದಿರಬೇಕಾದ ಪ್ರಸಂಗವೇ ಉಳಿಯಲಿಲ್ಲ.

ರಂಪಣಿಯು ಮತ್ತೂ ತೊಂಬತ್ತು ವರ್ಷ ಬಾಳಿತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಕರ್ನಾಟಕದ ಕರಾವಳಿಗೆ ಬಂದು, ದಡಕ್ಕೆ ಬರುವ ಮುನ್ನವೇ ಮೀನಿನ ಹಿಂಡನ್ನು ಹೊರಗಡಲಲ್ಲಿ ಸುತ್ತುವರಿದು ಹಿಡಿಯತೊಡಗಿದಾಗ, ದಡದಿಂದ ಹೊರಡುವ ದೊಡ್ಡ ದೋಣಿಗೆ ಹೊರಡಲು ಕಾರಣವೇ ಇಲ್ಲದಾಯಿತು. ಗೋವೆಯಲ್ಲಿ ರಂಪಣಿಯ ಮೀನುಗಾರರಾದ ರಾಂಪೊಣಕಾರರು ಮತಾನ್ಹಿ ಸಲ್ದಾನ್ಹಾರಂಥವರ ನಾಯಕತ್ವದಲ್ಲಿ ಸಂಘಟಿತರಾಗಿ ಬೀದಿಗಿಳಿದು ಹೋರಾಡಿದರು. ಯಂತ್ರದೋಣಿಗಳು ಕಾರವಾರ, ಮಲ್ಪೆ, ಮಂಗಳೂರುಗಳ ಬಂದರುಗಳಿಂದ ಹೊರಡುವುವು. ಬಂದರಿದ್ದಲ್ಲಿ ತೆರೆ ದಾಟುವ ಪ್ರಶ್ನೆಯಿಲ್ಲ. ಒಂದು ಪೀಳಿಗೆಯ ಅವಧಿಯಲ್ಲಿ ದೊಡ್ಡ ದೋಣಿಯ ತಾಂಡೇಲರ ವಿದ್ಯೆಗೆ ಶಿಷ್ಯರಿಲ್ಲದಾದರು. ಅವರಲ್ಲಿ ಅನೇಕರು ಹೇಳಬಲ್ಲವರಾಗಿಯೇ ಇದ್ದರು, ಕೇಳಿ ಬರೆದುಕೊಳ್ಳುವವರು ಮಾತ್ರ ಬರಲಿಲ್ಲವೆಂಬುದನ್ನು ನೆನೆದರೆ ಖೇದವಾಗುತ್ತದೆ.

ಹೀಗೆ ದಡವು ಬರಿದಾದ ಕಾಲದಲ್ಲಿ, ಅದೇ ತೆರೆಗಳನ್ನು ಬೇರೊಂದು ಉದ್ದೇಶಕ್ಕಾಗಿ ದಾಟುವವರು ಬಂದರು. 2004ರಲ್ಲಿ ಮೂಲ್ಕಿಯಲ್ಲಿ, ಅಮೆರಿಕದಿಂದ ಬಂದು ಸನ್ಯಾಸಿಯಾಗಿ ನೆಲೆಸಿದ ಜಾಕ್ ಹೆಬ್ನರ್ ಅವರ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. 2016ರಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಸ್ಪರ್ಧೆ ಜರುಗಿತು. ಈ ಕ್ರೀಡೆಯ ತವರು ಹವಾಯಿ ದ್ವೀಪಗಳು. ಕ್ಯಾಪ್ಟನ್ ಕುಕ್ಕನ ಕೊನೆಯ ನೌಕಾಯಾತ್ರೆಯ ವೃತ್ತಾಂತವು 1784ರಲ್ಲಿ ಪ್ರಕಟವಾದಾಗ, ಅದರಲ್ಲಿ ಲೆಫ್ಟಿನೆಂಟ್ ಜೇಮ್ಸ್ ಕಿಂಗನು ಹವಾಯಿಯ ಜನರು ಹಲಗೆಯ ಮೇಲೆ ಅಲೆಯನ್ನೇರುವುದನ್ನು ವರ್ಣಿಸುವಾಗ, ಸವಾರಿಗಿಂತ ಮೊದಲು ಅವರು ಹೊರಗೆ ಹೋಗುವ ಬಗೆಯನ್ನೇ ವಿವರವಾಗಿ ಗಮನಿಸಿದ್ದಾನೆ: ಎದುರಾದ ಮೊದಲ ಅಲೆಯ ಅಡಿಗೆ ಮುಳುಗಿ, ಅದು ಮೇಲೆ ಉರುಳಿಹೋದ ಮೇಲೆ ಆಚೆಗೆದ್ದು, ಎರಡನೆಯದನ್ನೂ ಹಾಗೆಯೇ ಎದುರಿಸುವ ಕ್ರಮವನ್ನು ಹೇಳಿ, ಮುಳುಗುವ ಕ್ಷಣವನ್ನು ತಪ್ಪದೆ ಹಿಡಿಯುವುದರಲ್ಲಿಯೇ ಕಷ್ಟವೆಲ್ಲ ಇದೆಯೆಂದು ಅವನು ಕಂಡುಕೊಂಡಿದ್ದಾನೆ. ಅಂತಹ ಒಂದು ಪುಟ ನಮ್ಮ ಕರಾವಳಿಯ ಬಗೆಗೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಇಂದು ಸಸಿಹಿತ್ಲಿನಲ್ಲಿ ಹಲಗೆಯ ಮೇಲೆ ಬೋರಲಾಗಿ ಮಲಗಿ ಕೈಗಳಿಂದ ಹುಟ್ಟುಹಾಕುತ್ತ ಹೊರಡುವ ತರುಣನು ಮಾಡುವುದೂ ಅದನ್ನೇ. ನೊರೆ ಹತ್ತಿರ ಬಂದಾಗ ಎರಡು ಕೈಗಳಿಂದ ಹಲಗೆಯ ಮುಂಭಾಗವನ್ನು ನೀರಿನೊಳಕ್ಕೆ ಅದುಮಿ, ಮರುಕ್ಷಣ ಮೊಣಕಾಲಿನಿಂದ ಹಿಂಭಾಗವನ್ನು ಒತ್ತಿ, ಅಲೆಯ ಅಡಿಯಲ್ಲಿ ಕಿರಿದಾದ ಜಲಚಲನೆಯ ಶಾಂತ ಪದರದ ಮೂಲಕ ನುಸುಳಿ ಆಚೆಗೆ ಏಳುತ್ತಾನೆ. ಮುಳುಗಿಸಲಾಗದಷ್ಟು ಉದ್ದವಾದ ಹಲಗೆಯಾದರೆ ಅದನ್ನು ಮಗುಚಿ, ತಾನು ಅದರ ಕೆಳಗೆ ತೂಗುಬಿದ್ದು, ನೊರೆ ಹೋದ ಮೇಲೆ ಮತ್ತೆ ಮೇಲಾಗುತ್ತಾನೆ. ದೋಣಿಯು ಅಲೆಯ ಮೇಲಿನಿಂದ ದಾಟಿತು, ಹಲಗೆಯು ಕೆಳಗಿನಿಂದ ದಾಟುತ್ತದೆ, ಉಳಿದುದೆಲ್ಲವೂ ಒಂದೇ. ಮೂತಿಯು ಅಲೆಗೆ ನೇರವಾಗಿರಬೇಕು, ವಿರಾಮವನ್ನು ಕಾಯಬೇಕು, ಹೊರಟ ಮೇಲೆ ನಿಲ್ಲಬಾರದು. ದಡದಲ್ಲಿ ನಿಂತು ಬಹಳ ಹೊತ್ತು ಕಡಲನ್ನು ನೋಡದೆ ನೀರಿಗಿಳಿಯಬಾರದೆಂದು ಇಲ್ಲಿಯ ಶಿಕ್ಷಕರು ವಿಧಿಸುವ ನಿಯಮವು ಮಾಜಾಳಿಯ ತಾಂಡೇಲನಿಗೂ ಹೊಸದಲ್ಲ.

ಇನ್ನೊಂದು ಸಂಗತಿಯಲ್ಲಿಯೂ ಇವರಿಬ್ಬರ ಜ್ಞಾನ ಒಂದೇ. ಅದನ್ನು ಬೆಳಗಾವಿ ಖಾನಾಪುರಗಳ ಓದುಗರಿಗಾಗಿ ವಿಶೇಷವಾಗಿ ಹೇಳಬಯಸುತ್ತೇನೆ, ಏಕೆಂದರೆ ಚೋರ್ಲಾ ಘಟ್ಟವನ್ನಿಳಿದು ರಜೆಯ ದಿನ ಗೋವೆಯ ದಡಕ್ಕೆ ಹೋಗುವವರು ನಮ್ಮಲ್ಲಿ ಅಸಂಖ್ಯರು, ಮತ್ತು ಒಳನಾಡಿನ ತರುಣರು ಕಡಲಿನಲ್ಲಿ ಪ್ರಾಣ ಕಳೆದುಕೊಂಡ ವಾರ್ತೆಗಳನ್ನು ನಾವು ಮತ್ತೆಮತ್ತೆ ಓದುತ್ತಿದ್ದೇವೆ. ಒಡೆದ ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಿಂದಲಾದರೂ ಹಿಂದಿರುಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗಿದ್ದಲ್ಲಿ ಅದು ಕಾಲುವೆಯಾಗಿ ಹೊರಕ್ಕೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಾದುದರಿಂದ ಅಲೆ ಒಡೆಯುವುದಿಲ್ಲ, ನೊರೆಯಿರುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ, ಶಾಂತವಾಗಿ ತೋರುತ್ತದೆ. ಕಡಲನ್ನರಿಯದವನು ಈಜುವುದಕ್ಕೆ ಅದೇ ಸುರಕ್ಷಿತ ಸ್ಥಳವೆಂದು ಭಾವಿಸಿ ಇಳಿಯುತ್ತಾನೆ, ಪ್ರವಾಹವು ಹೊರಗೆಳೆದಾಗ ದಡದ ಕಡೆಗೇ ಈಜಲು ಹೆಣಗಿ, ಬಳಲಿ ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಕಾಲುವೆಯಿಂದ ಹೊರಬಿದ್ದರೆ ಅವನನ್ನು ಅಲೆಗಳೇ ದಡಕ್ಕೆ ತಳ್ಳುವುವು. ದೋಣಿಯವನೂ ಹಲಗೆಯವನೂ ಹುಡುಕಿಕೊಂಡು ಹೋಗುವುದು ಇದೇ ಕಾಲುವೆಯನ್ನು. ಅವರ ಪಾಲಿಗೆ ಅದು ನೊರೆಯನ್ನು ತಪ್ಪಿಸಿ ಹೊರಗೊಯ್ಯುವ ಹೆದ್ದಾರಿ. ಈ ತಿಳಿವಳಿಕೆಯನ್ನು ನಮ್ಮ ಒಳನಾಡಿನ ಶಾಲೆಗಳಲ್ಲಿ ಹೇಳಿಕೊಡಬಾರದೇಕೆ?

ಸಸಿಹಿತ್ಲಿನ ಸ್ಪರ್ಧೆಯನ್ನು ಮೇ ತಿಂಗಳ ಕೊನೆಯಲ್ಲಿ ನಡೆಸಿದ್ದು, ಮಾರುತದ ಮುಂಚೂಣಿಯ ದೊಡ್ಡ ಅಲೆಗಳು ಆಗ ದಡಕ್ಕೆ ಬರುವುದರಿಂದ. ವೆಂಗುರ್ಲೆಯ ಆವಿನೌಕೆಗಳು ಪ್ರಯಾಣವನ್ನು ನಿಲ್ಲಿಸುತ್ತಿದ್ದ ಕಾಲವೂ ಅದೇ. ಸ್ಪರ್ಧಿಗಳಲ್ಲಿ ಕರಾವಳಿಯ ಮೀನುಗಾರರ ಮನೆಗಳ ಮಕ್ಕಳಿದ್ದಾರೆ. ಅಜ್ಜಂದಿರು ದೋಣಿಯನ್ನು ಹೊರಡಿಸಿದ ದಡಗಳಿಂದಲೇ ಅವರು ಹಲಗೆಯನ್ನು ಹೊರಡಿಸುತ್ತಾರೆ. ಪ್ರತಿಯೊಂದು ಸುತ್ತಿಗೂ ನಿಗದಿಯಾದ ಕೆಲವೇ ನಿಮಿಷಗಳಿರುವುದರಿಂದ, ಒಂದು ಅಲೆಯನ್ನೇರಿ ದಡದ ಸಮೀಪಕ್ಕೆ ಬಂದವನು ಮತ್ತೆ ಆ ನೊರೆಯ ಸಾಲುಗಳನ್ನು ಎಷ್ಟು ಬೇಗ ದಾಟುತ್ತಾನೆಂಬುದರ ಮೇಲೆ ಅವನ ಗೆಲವು ಬಹುಮಟ್ಟಿಗೆ ನಿಂತಿರುತ್ತದೆ. ಆದರೆ ತೀರ್ಪುಗಾರರು ಅಂಕಗಳನ್ನು ಕೊಡುವುದು ಅಲೆಯ ಮೇಲಿನ ಸವಾರಿಗಳಿಗೆ ಮಾತ್ರ, ಅವುಗಳಲ್ಲಿ ಅತ್ಯುತ್ತಮವಾದ ಎರಡನ್ನು ಕೂಡಿಸಿ ವಿಜೇತನನ್ನು ನಿರ್ಣಯಿಸುತ್ತಾರೆ. ಹೊರಗೆ ಹೋದುದಕ್ಕೆ ಅಲ್ಲಿಯೂ ಅಂಕವಿಲ್ಲ.